ಸೆರಗಿಗೆ ಬಿದ್ದ ಸಂಘದ ಹೆಸರು

ದೊಡ್ಡಬಳ್ಳಾಪುರದ ಒಂದು ನೇಕಾರರ ಸಂಘವು ತನ್ನ ವೆಬ್‌ಸೈಟಿನ ಹೆಸರಿಗೆ ಇನ್ನು ಮುಂದೆ ಯಾರೂ ಯಜಮಾನರಿರತಕ್ಕದ್ದಲ್ಲ ಎಂದು ಸರ್ವಾನುಮತದಿಂದ ನಿರ್ಣಯಿಸಿತು. ಹಿಂದಿನ ಅಧ್ಯಕ್ಷರು ಚುನಾವಣೆಯಲ್ಲಿ ಸೋತವರೇ ಹೆಸರನ್ನೂ ಎತ್ತಿಕೊಂಡು ಮನೆಗೆ ಹೋಗಿದ್ದರು. ನೋಂದಣಿ ಅವರ ಹೆಸರಲ್ಲಿತ್ತು.

ಮೊಬೈಲ್ ಅಂಗಡಿಯ ಬೀರೇಶ ಪರಿಹಾರ ತಂದ. "ಬ್ಲಾಕ್‌ಚೈನಲ್ಲಿ ಬರೆಸ್ಬಿಡಿ. ಸಾವಿರಾರು ಕಂಪ್ಯೂಟರಲ್ಲಿ ಅದೇ ದಾಖಲೆ ಇರ್ತದೆ. ಒಬ್ಬ ತಿದ್ದಿದ್ರೆ ಮಿಕ್ಕೋವು ಒಪ್ಪಲ್ಲ. ಹನ್ನೆರಡು ಗುಟ್ಟಿನ ಪದ ಕೊಡ್ತಾರೆ, ಅದು ಯಾರತ್ರ ಇದ್ಯೋ ಅವರೇ ಮಾಲೀಕರು."

"ಕಳೆದೋದ್ರೆ ಯಾವ ಆಫೀಸಿಗೆ ಅರ್ಜಿ ಹಾಕ್ಬೇಕಪ್ಪಾ?" ಅಂದರು ಕಾರ್ಯದರ್ಶಿ ಕೋದಂಡರಾಮಯ್ಯ.

"ಆಫೀಸೇ ಇಲ್ಲ ಸಾ."

ಸಭೆ ಚಪ್ಪಾಳೆ ತಟ್ಟಿತು.

ಗುಟ್ಟು ಕಾಯುವ ಹೊಣೆ ಕೋದಂಡರಾಮಯ್ಯನವರ ತಲೆಗೆ ಬಂತು. ಕಳೆದರೆ ಕಾರ್ಯದರ್ಶಿ ಕುರ್ಚಿ ಖೋತಾ ಎಂಬ ನಿಯಮವೂ ಹಿಂದೆಯೇ ಬಂತು. ಕಾಗದವನ್ನು ಇಲಿ ತಿನ್ನುತ್ತದೆ, ಫೋನು ನೀರಿಗೆ ಬೀಳುತ್ತದೆ. ನೇಕಾರ ನಂಬುವುದು ನೇಯ್ದದ್ದನ್ನು. ಇಂಗ್ಲಿಷಿನ ಆ ಹನ್ನೆರಡು ಪದಕ್ಕೂ, ಮಗ್ಗಕ್ಕೆ ಚಿತ್ತಾರ ಹೇಳಿಕೊಡುವ ಜಕಾರ್ಡಿನ ರಟ್ಟಿಗೆ ತೂತು ಹೊಡೆಸಿ, ಹೆಂಡತಿ ಅಕ್ಕಯ್ಯಮ್ಮನಿಗೊಂದು ಸೀರೆ ನೇಯ್ದರು. ಸೆರಗಿನ ತುಂಬ ಗುಟ್ಟು. ಬೀರುವಿಗೆ ಬೀಗ ಜಡಿದು, ನಿಶ್ಚಿಂತೆಯಿಂದ ತಿರುಪತಿಗೆ ಹೊರಟರು.

ರಟ್ಟು ಮಗ್ಗದ ಮೇಲೇ ಉಳಿದಿತ್ತು. ಅವರು ಬರುವಷ್ಟರಲ್ಲಿ ಮದುವೆ ಸೀಸನ್ನಿನ ಸೀರೆಯೆಲ್ಲ ಅದೇ ಸೆರಗಿನಲ್ಲಿ ಇಳಿದು, ಬಿಕರಿಯಾಗಿ, ಹೊಸಕೋಟೆಯಿಂದ ನೆಲಮಂಗಲದವರೆಗೂ ಉಟ್ಟಾಗಿತ್ತು. "ಇದೇನು ಬರ್ದಿರೋದು?" ಎಂದು ಕೇಳಿದವರಿಗೆಲ್ಲ ಬೀರೇಶ ಅದು ಸಂಘದ ಹೆಸರಿನ ಗುಟ್ಟೆಂದೂ ಬಳಸುವುದು ಹೀಗೆಂದೂ ಪ್ರಾಮಾಣಿಕವಾಗಿ ಹೇಳಿದ.

ಸೋಮವಾರ ಸಂಘದ ಹೆಸರು ಒತ್ತಿದರೆ ಹೊಸಕೋಟೆಯ ಹಳೇ ಟ್ರ್ಯಾಕ್ಟರ್ ಮಾರಾಟಕ್ಕಿತ್ತು. ಮಂಗಳವಾರ, ನೆಲಮಂಗಲದ ಅಂಜಿನಮ್ಮನವರ ಗೃಹಪ್ರವೇಶದ ಆಹ್ವಾನ. ಬದಲಾವಣೆಯ ಶುಲ್ಕವೂ ಬ್ಲಾಕ್‌ಚೈನಿನಲ್ಲಿದ್ದ ಸಂಘದ ಖಾತೆಯಿಂದಲೇ ಹೋಗುತ್ತಿತ್ತು. ಅದಕ್ಕೂ ಅದೇ ಬೀಗದ ಕೈ.

ಕೋದಂಡರಾಮಯ್ಯ ಅಂಜಿನಮ್ಮನವರಿಗೆ ಫೋನು ಮಾಡಿದರು. "ತಾಯೀ, ಅದು ಸಂಘದ ಹೆಸರು."

"ಅಣ್ಣಾ, ಸೀರೆಗೆ ಬಿಲ್ಲಿದೆ. ಸೆರಗು ಬಿಟ್ಟು ಮಿಕ್ಕಿದ್ದಕ್ಕೆ ಮಾತ್ರ ದುಡ್ಡು ಕೊಟ್ಟಿದ್ನಾ?"

ಕೋದಂಡರಾಮಯ್ಯನವರನ್ನು ಕುರ್ಚಿಯಿಂದ ಇಳಿಸಲು ಸಭೆ ಕರೆಯಲಾಯಿತು. ವೆಬ್‌ಸೈಟಿನಲ್ಲಿ ಕಾಣುವ ವಿಳಾಸವೇ ಸಭೆಯ ಅಧಿಕೃತ ಸ್ಥಳವೆಂಬ ನಿಯಮವಿದ್ದುದರಿಂದ ಸದಸ್ಯರೆಲ್ಲ ನೆಲಮಂಗಲದ ಹೊಸ ಮನೆಗೇ ಹೋದರು.

ಅಧ್ಯಕ್ಷ ಆದಿನಾರಾಯಣಪ್ಪ ಎದ್ದು ನಿಂತು ಓದಿದರು: "ಗುಟ್ಟು ಕಳೆದಿರುವುದಿಲ್ಲ, ಮನೆಮನೆಯಲ್ಲೂ ಇರುತ್ತದೆ. ಹೆಸರಿಗೆ ಯಜಮಾನರಿರಬಾರದೆಂಬ ನಿರ್ಣಯವನ್ನು ಕಾರ್ಯದರ್ಶಿಗಳು ಸಂಪೂರ್ಣವಾಗಿ ಜಾರಿಗೆ ತಂದಿರುತ್ತಾರೆ. ಅವರೇ ಮುಂದುವರಿಯತಕ್ಕದ್ದು."

"ಮುಗೀತಾ? ಎಲೆ ಹಾಕೈತೆ, ಏಳಿ," ಅಂದರು ಅಂಜಿನಮ್ಮ.

ಒಬ್ಬಟ್ಟಿನ ನಂತರ ಸರ್ವಾನುಮತವಾಯಿತು. ವೆಬ್‌ಸೈಟಿನಲ್ಲಿ ಆಗಲೇ ಟ್ರ್ಯಾಕ್ಟರ್ ಮತ್ತೆ ಬಂದಿದ್ದರಿಂದ, ಮುಂದಿನ ಸಭೆಯ ಸ್ಥಳವನ್ನು ಸದಸ್ಯರು ಟ್ರ್ಯಾಕ್ಟರಿನವರನ್ನು ವಿಚಾರಿಸಿ ತಿಳಿಯತಕ್ಕದ್ದು.