ಹೆಸರು ಹಾಕದೆ ಬರೆದ ಮೂರು ಪ್ರಬಂಧಗಳು

ಚಿನ್ಮಯಿ, ಶ್ರೀಕರ, ನಾಲ್ಕು ಜನರೆದುರು ಬಾಯಿ ಬಿಡಲಾರದವರ ಕೈಗೆ ಪೆನ್ನು ಸಿಕ್ಕರೆ ಬಹಳ ಅಪಾಯ. ಇದಕ್ಕೆ ನಿಮ್ಮಜ್ಜಿಯೇ ಸಾಕ್ಷಿ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದರೆ ನನ್ನ ಪರವಾಗಿ ಪಕ್ಕದವಳು 'ಹಾಜರ್' ಎನ್ನುತ್ತಿದ್ದಳು.

ಈ ತಮಿಳು ಊರಿನಲ್ಲಿ, ಕ್ರೋಂಪೇಟೆಯ ನಮ್ಮ ಹನ್ನೆರಡು ಮನೆಗಳ ಕಟ್ಟಡಕ್ಕೆ ಹೊಸ ನಿಯಮಾವಳಿ ಬರೆದದ್ದು ಆ ನೀರಿನ ಬರದ ವರ್ಷ. ಹಳೆಯದರ ಪ್ರಕಾರ ಮನೆಪತ್ರದಲ್ಲಿ ಹೆಸರಿದ್ದವರು ಮಾತ್ರ ಮೀಟಿಂಗಿನಲ್ಲಿ ಮಾತಾಡಬಹುದು. ಪತ್ರ ನಿಮ್ಮಪ್ಪನ ಹೆಸರಲ್ಲಿ; ದೂರದ ಅಂಬತ್ತೂರಿನ ಕೆಲಸದಿಂದ ದಣಿದ ಅವನಿಗೆ ಮೀಟಿಂಗ್ ಎಂದರೆ ನಿದ್ದೆ. ಮಧ್ಯಾಹ್ನ ಎರಡರ ಬಿಸಿಲಿಗೆ ಬರುವ ನೀರಿನ ಲಾರಿಯ ಮುಂದೆ ಕೊಡ ಹಿಡಿದು ನಿಲ್ಲುವವಳು ನಾನು. ಬೆಳಗ್ಗೆ ತನ್ನಿ ಎನ್ನುವ ಹಕ್ಕು ಮಾತ್ರ ನನಗಿಲ್ಲ! ಹೊಸದರಲ್ಲಿ, ವಾಸವಿರುವ ಯಾರಾದರೂ ಮಾತಾಡಬಹುದೆಂದಿತ್ತು. ಕಾರ್ಯದರ್ಶಿ ವರದನ್ ಅವರಿಗೆ ಅದು ಹಿಡಿಸಲಿಲ್ಲ. "ಎಲ್ಲರೂ ಮಾತಾಡಿದರೆ ಮೀಟಿಂಗ್ ಮುಗಿಯೋದು ಪೊಂಗಲ್‌ಗೇ" ಎಂದರು.

ಚಿನ್ಮಯಿ, ಆಗ ನೀನು ಪಾಠದ ಸುದ್ದಿ ತಂದೆ: "ಅಮೆರಿಕಾದಲ್ಲಿ ಹೊಸ ಸಂವಿಧಾನಕ್ಕೆ ಜನರನ್ನ ಒಪ್ಪಿಸೋಕೆ ಪೇಪರಲ್ಲಿ ಎಸ್ಸೇ ಬರೆದ್ರಂತೆ ಅಜ್ಜಿ. ಸ್ವಂತ ಹೆಸರು ಹಾಕದೆ!" ಆ ಕೊನೆಯ ಮಾತಿಗೆ ನನ್ನ ಜೀವ ತಂಪಾಯಿತು.

ನಾನು ಕನ್ನಡದಲ್ಲಿ ಹೇಳಿದೆ, ನೀನು ತಮಿಳಿನಲ್ಲಿ ಬರೆದೆ. ಹೊಸ ಕಾಗದ ದಂಡವೇಕೆಂದು ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ. ಮೊದಲನೆಯದರಲ್ಲಿ ಕೊಡ ಹೊತ್ತ ಸೊಂಟದ ಅಭಿಪ್ರಾಯವನ್ನೂ ಕೇಳಿ ಎಂದೆ. ಎರಡನೆಯದರಲ್ಲಿ ಪ್ರಜಾಪ್ರಭುತ್ವವನ್ನು ಹುಳಿಗೆ ಹೋಲಿಸಿದೆ: ಬಡಿಸುವವರೇ ಉಪ್ಪು ಸಾಕೆಂದರೆ ಆಯಿತೇ, ಉಣ್ಣುವವರನ್ನು ಕೇಳಬೇಡವೇ? ಮೂರನೆಯದು ಮುಗಿಯಲೇ ಇಲ್ಲ. "ಅಜ್ಜಿ, ಪೋದುಂ, ಸಾಕು! ಕೈ ನೋಯ್ತಿದೆ" ಎಂದು ನೀನೇ ನಿಲ್ಲಿಸಿದೆ. ಟಿವಿ ಧಾರಾವಾಹಿಗೆ ಎಲ್ಲ ಬಾಗಿಲುಗಳೂ ಮುಚ್ಚಿದ ಹೊತ್ತಿನಲ್ಲಿ ಕಳ್ಳಿಯಂತೆ ಇಳಿದು, ಮೆಟ್ಟಿಲ ಬಳಿಯ ಬೋರ್ಡಿಗೆ ಚುಚ್ಚಿ ಬರುತ್ತಿದ್ದೆ.

ಭಾನುವಾರದ ಮೀಟಿಂಗಿನಲ್ಲಿ, ತೂಕಡಿಸುತ್ತಿದ್ದ ನಿಮ್ಮಪ್ಪನದೂ ಸೇರಿ, ಏಳು ಕೈ ಎದ್ದವು. ಹೊಸ ನಿಯಮಾವಳಿ ಗೆದ್ದಿತು! ಬಾಗಿಲ ಮರೆಯಲ್ಲಿ ನಿಂತು ನಾನು ಬೀಗುತ್ತಿರುವಾಗ ವರದನ್ ತಿರುಗಿದರು. "ಮಾಮಿ, ವಾಂಗೋ, ಬನ್ನಿ. ಇಷ್ಟು ಬರೆದವರು ನೀವು, ಮೊದಲು ನೀವೇ ಮಾತಾಡಿ."

"ಅಯ್ಯೋ, ನಾನಲ್ಲ!"

ಎದುರುಮನೆಯ ಲಲಿತಾ ಮಾಮಿ ನಕ್ಕರು. "ಗಾಳಿಗೆ ಹಾಳೆ ತಿರುಗಿದರೆ ಹಿಂಬದಿಯೆಲ್ಲಾ ಕನ್ನಡ ತಿಥಿ, ನಕ್ಷತ್ರ. ಈ ಬಿಲ್ಡಿಂಗಲ್ಲಿ ಕನ್ನಡ ಕ್ಯಾಲೆಂಡರ್ ಬೇರೆ ಯಾರ ಮನೇಲಿದೆ, ಸೊಲ್ಲುಂಗೋ, ಹೇಳಿ?"

ಎಲ್ಲರೂ ನನ್ನನ್ನೇ ನೋಡಿದರು. ಲಾರಿ ಬೆಳಗ್ಗೆ ಬರಲಿ ಎಂದಷ್ಟೇ ಹೇಳಬೇಕಿತ್ತು. ಕಡೆಗೆ, "ಎಲ್ಲರಿಗೂ ಕಾಫಿ ತರಲಾ?" ಎಂದೆ. ಹೊಸ ನಿಯಮಾವಳಿಯಡಿ ನಡೆದ ಮೊದಲ ಭಾಷಣ ಅದು. ವರದನ್ ಅವರೂ ವಿರೋಧಿಸಲಿಲ್ಲ.

ಮಕ್ಕಳೇ, ಈ ಕ್ಯಾಲೆಂಡರ್ ಹಾಳೆಗಳನ್ನು ಜೋಪಾನವಾಗಿಡಿ. ಲಾರಿ ಇನ್ನೂ ಎರಡು ಗಂಟೆಗೇ ಬರುತ್ತಿದೆ. ನಾಲ್ಕನೆಯ ಪ್ರಬಂಧವನ್ನು ನಿಮ್ಮಲ್ಲಿ ಯಾರಾದರೂ ಬರೆಯಬೇಕಾದೀತು.