ಹಾಲಿನೊಳಗೆ ಕಾನ್‌ಸ್ಟಂಟನ್ ತಂತಿ

ಭೌತಶಾಸ್ತ್ರ ಕಲಿಸಿಯೇ ತಲೆ ಬೆಳ್ಳಗಾದ ಮನುಷ್ಯನಿಗೆ ಒಂದು ಪಾತ್ರೆ ಹಾಲನ್ನು ಮೊಸರು ಮಾಡಲು ಬರುವುದಿಲ್ಲವೆಂದರೆ ನೀವು ನಗುತ್ತೀರಿ. ನಗಿ, ಬೇಡ ಎನ್ನುವುದಿಲ್ಲ. ಈ ಮನೆಯಲ್ಲಿ ಯಾರಾದರೂ ನಕ್ಕು ವರ್ಷವಾಯಿತು. ನಾನು ಮದುವೆಯಾಗಲಿಲ್ಲ, ನನ್ನ ಅಕ್ಕನೂ ಆಗಲಿಲ್ಲ. ನವನಗರದ ಈ ಮನೆಯಲ್ಲಿ ಇಬ್ಬರೂ ದಿನಾ ಜಗಳಾಡಿಕೊಂಡು ಸುಖವಾಗಿದ್ದೆವು. ಹೋದ ವರ್ಷ ಅವಳು ತೀರಿಕೊಂಡಳು. ಈಗ ಜಗಳಕ್ಕೆ ಜನವಿಲ್ಲ, ಮೊಸರಿಗೆ ಗತಿಯಿಲ್ಲ. ಪ್ಯಾಕೆಟ್ ಮೊಸರು ತನ್ನಿ ಎನ್ನಬೇಡಿ. ತಂದ ದಿನ ಅಕ್ಕ ಫೋಟೊದೊಳಗಿಂದಲೇ ಬೈದಂತಾಗಿ ಊಟ ಸೇರಲಿಲ್ಲ.

ಅವಳು ಹಾಲಿನಲ್ಲಿ ಕಿರುಬೆರಳು ಅದ್ದಿ, "ಹಾಂ, ಈಗ ಹಾಕಬೇಕು" ಎನ್ನುತ್ತಿದ್ದಳು. ನನ್ನ ಬೆರಳಿಗೆ ಹಾಲು ಒಂದೋ ಸುಡುತ್ತದೆ, ಇಲ್ಲವೇ ತಣ್ಣಗಿರುತ್ತದೆ. ನಡುವಿನದು ಅದಕ್ಕೆ ತಿಳಿಯದು. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಒಡೆದು ನೀರಾಗುತ್ತಿತ್ತು, ತಣ್ಣನೆಯದಕ್ಕೆ ಹಾಕಿದರೆ ಹಾಲು ಹಾಲಾಗಿಯೇ ಕೂತಿರುತ್ತಿತ್ತು. ಹೀಗಾಗಿ ದಿನಾ ಸಂಜೆ ಬಟ್ಟಲು ಹಿಡಿದು ಪಕ್ಕದ ಮನೆಯ ಗಂಗಕ್ಕನ ಬಾಗಿಲಿಗೆ ಹೆಪ್ಪು ಕೇಳಲು ಹೋಗುತ್ತಿದ್ದೆ.

"ಬರ್ರಿ ಸರ್, ಇವತ್ತೂ ಆಗಲಿಲ್ಲೇನು? ಕೂಡ್ರಿ, ಚಾ ಕುಡದ ಹೋಗ್ರಿ."

ಅವರ ಯಜಮಾನರು ಟಿವಿಯ ದನಿ ತಗ್ಗಿಸುತ್ತಿದ್ದರು. ನೀರು ಬಿಡದ ನಲ್ಲಿ, ಮೊಣಕಾಲು ನೋವು, ರಾಯಾಪುರದ ಬಳಿ ಕೈ ಮಾಡಿದರೂ ನಿಲ್ಲದ ಬಸ್ಸು: ಮಾತಿಗೆ ವಿಷಯಕ್ಕೇನು ಬರ? ಇಡೀ ದಿನದಲ್ಲಿ ನಾನು ಬಾಯಿ ಬಿಡುತ್ತಿದ್ದುದು ಅಲ್ಲೊಂದೇ ಕಡೆ. ಕಟ್ಟುಪಾಡೂ ಒಂದೇ, ದೀಪ ಹಚ್ಚಿದ ಮೇಲೆ ಗಂಗಕ್ಕ ಹೆಪ್ಪು ಕೊಡುವವರಲ್ಲ.

ಒಂದು ಸಂಜೆ ಅವರು, "ಅಲ್ರೀ ಸರ್, ನೀವು ಸೈನ್ಸ್ ಮಾಸ್ತರ ಖರೇನ?" ಎಂದು ನಕ್ಕರು. ನನ್ನ ವಿದ್ಯೆಗೆ ಪೆಟ್ಟು ಬಿತ್ತು. ಒಂದು ತಂತಿ ತಂದು ಮೊಸರು ಮಾಡಿಯೇ ತೋರಿಸುತ್ತೇನೆಂದು ಅವರಿಗೆ ಹೇಳಿ ಬಂದೆ. ಮರುದಿನವೇ ಹಳೇ ಹುಬ್ಬಳ್ಳಿಯ ಮೋಟರ್ ವೈಂಡಿಂಗ್ ಅಂಗಡಿಗೆ ಹೋಗಿ ಕಾನ್‌ಸ್ಟಂಟನ್ ತಂತಿ ಕೇಳಿದೆ. ಅಂಗಡಿಯ ಚಾಚಾ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡುವ ಹಳೆಯ ರಿಯೋಸ್ಟಾಟಿನಿಂದ ಬಿಚ್ಚಿಟ್ಟಿದ್ದ ಸುರುಳಿ ತೆಗೆದು, "ಎದಕ್ಕ ಬೇಕ್ರಿ?" ಎಂದರು.

"ಹಾಲಿಗೆ."

"ಹಾಲಿಗಾ? ಆರಾಮ ಅದೀರಿಲ್ಲೋ ಸರ್?"

ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಈ ತಂತಿ ಬಿಸಿಯಾದರೂ ತಣ್ಣಗಾದರೂ ತನ್ನ ವಿದ್ಯುತ್ ರೋಧವನ್ನು ಹೆಚ್ಚುಕಡಿಮೆ ಬದಲಿಸುವುದಿಲ್ಲ. ಪ್ರಯೋಗಾಲಯದಲ್ಲಿ ಅದಕ್ಕೆ ಮರ್ಯಾದೆ ಅದರಿಂದಲೇ. ಇದೇ ಗುಣ ನನ್ನಲ್ಲಿದ್ದಾಗ ಅಕ್ಕ ಮೊಂಡ ಎನ್ನುತ್ತಿದ್ದಳು. ಇನ್ನೊಂದು ಚಮತ್ಕಾರವೂ ಇದೆ. ಇದರ ಎರಡು ತುದಿಗಳಿಗೂ ತಾಮ್ರದ ತಂತಿ ಹೆಣೆದು, ಒಂದು ಗಂಟನ್ನು ಮಂಜುಗಡ್ಡೆಯ ನೀರಿನಲ್ಲಿಯೂ ಇನ್ನೊಂದನ್ನು ಗಾಜಿನ ಕೊಳವೆಯೊಳಗೆ ಹಾಕಿ ಹಾಲಿನಲ್ಲಿಯೂ ಇಟ್ಟರೆ, ಎರಡರ ಬಿಸಿಯ ಅಂತರಕ್ಕೆ ತಕ್ಕಷ್ಟು ಚೂರು ವಿದ್ಯುತ್ತು ಹುಟ್ಟಿ ತಾಮ್ರದ ತಂತಿಗೆ ಕಟ್ಟಿದ ಮೀಟರಿನ ಮುಳ್ಳು ಸರಿಯುತ್ತದೆ. ಥರ್ಮಾಮೀಟರ್ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ಅದನ್ನು ಯಾರು ಬೇಕಾದರೂ ಕೊಂಡು ತರಬಹುದಲ್ಲ!

ಮುಳ್ಳು ಉಗುರುಬೆಚ್ಚಗಿನ ಲೆಕ್ಕಕ್ಕೆ ಬಂದಾಗ ಹೆಪ್ಪು ಹಾಕಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ, ಅಬ್ಬಾ, ಚಮಚ ನೆಟ್ಟರೆ ನಿಲ್ಲುವಂಥ ಮೊಸರು! "ಅಕ್ಕಾ, ನೋಡಿಲ್ಲೆ!" ಎಂದು ಕೂಗಿಯೇಬಿಟ್ಟೆ. ಕೂಗಿದ ಮೇಲೆ ಪಾತ್ರೆಗೆ ಮತ್ತೆ ಮುಚ್ಚಳ ಮುಚ್ಚಿದೆ.

ಸಂಜೆಯಾಯಿತು. ಹೆಪ್ಪು ಮನೆಯಲ್ಲೇ ಇತ್ತು, ಬಟ್ಟಲು ಹಿಡಿಯಲು ಕಾರಣವಿರಲಿಲ್ಲ. ಸುಮ್ಮನೆ ಹೋಗಿ ಕೂಡಬಹುದಿತ್ತು ಎನ್ನುತ್ತೀರಿ. ಕೆಲಸವಿಲ್ಲದೆ ಇನ್ನೊಬ್ಬರ ಮನೆಯ ಬಾಗಿಲು ತಟ್ಟುವ ಧೈರ್ಯ ನನಗೆ ಹುಟ್ಟಿನಿಂದಲೂ ಇಲ್ಲ. ಗೋಡೆಯಾಚೆ ಅವರು ನಗುವುದು ಕೇಳುತ್ತಿತ್ತು. ಮರುದಿನವೂ ಮೊಸರು ಗಟ್ಟಿಯಾಯಿತು, ಸಂಜೆ ಇನ್ನಷ್ಟು ಉದ್ದವಾಯಿತು. ನನ್ನ ಜಾಣತನಕ್ಕೆ ಬೆಂಕಿ ಹಾಕಬೇಕೆನಿಸಿತು.

ಮೂರನೆಯ ದಿನ ಸಂಜೆ ಮೊಸರಿನ ಪಾತ್ರೆ ಎದುರಿಗಿಟ್ಟುಕೊಂಡು ಕೂತೆ. ಅನ್ನವಿಲ್ಲ, ಉಪ್ಪಿಲ್ಲ, ಚಮಚದಿಂದ ಶುರುಮಾಡಿ ಕೊನೆಗೆ ಪಾತ್ರೆಯನ್ನೇ ಎತ್ತಿ ಕುಡಿದೆ. ಹೊಟ್ಟೆ ಬಿರಿಯುತ್ತಿತ್ತು, ಹೊರಗೆ ಕತ್ತಲಾಗುತ್ತಿತ್ತು. ಗಂಗಕ್ಕ ದೀಪ ಹಚ್ಚಿಬಿಟ್ಟರೆ ಎಂಬ ಗಾಬರಿಯಲ್ಲಿ ಪಾತ್ರೆ ತೊಳೆದು, ಬಟ್ಟಲು ಹಿಡಿದು ಓಡಿದೆ.

"ಯಾಕ್ರೀ ಸರ್, ಎರಡ ದಿನಾ ಬರಲೇ ಇಲ್ಲ? ನಿಮ್ಮ ತಂತಿ ಏನಾತು?"

"ಅದರ ಗುಣಾನ ಸರಿ ಇಲ್ರಿ," ಎಂದೆ. "ಒಂದೀಟೂ ಮೊಸರಾಗಲಿಲ್ಲ."

ಗಂಗಕ್ಕ ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. ಒಳಗೆ ತಿರುಗಿ, "ಏನ್ರೀ, ಟಿವಿ ಸಣ್ಣ ಮಾಡ್ರಿ, ಸರ್ ಬಂದಾರ" ಎಂದರು. ಚಹಾ ಕೊಟ್ಟರು. ನಾನು ಹೊರಡುವಾಗ ಬಟ್ಟಲಿಗೆ ಹೆಪ್ಪು ಹಾಕಿ ಕೈಗಿಟ್ಟು, ಮೆಲ್ಲಗೆ ಹೇಳಿದರು:

"ನಾಳೆ ಮೀಸಿ ಒರಸ್ಕೊಂಡ ಬರ್ರಿ ಸರ್."