ಸರ್ವಋತು ರಸ್ತೆಗೆ ಒಂದು ಮಳೆ

ಬೆಟ್ಟದ ಮೇಲಿನ ದೇವರಿಗೆ ರಸ್ತೆ ಮಾಡುವ ಕೆಲಸದಲ್ಲಿ ನಗೆಗೆ ಬೇರೆ ಏರ್ಪಾಡು ಬೇಕಾಗಿಲ್ಲ. ಕೆಲಸವನ್ನು ನಿಯಮದ ಪ್ರಕಾರ ಮಾಡಿದರೆ ಸಾಕು. ಉಳಿದದ್ದು ತಾನಾಗಿ ನಡೆಯುತ್ತಲೇ ಇರುತ್ತದೆ.

ನಾನು ಓವರ್‌ಸಿಯರನಾಗಿದ್ದದ್ದು ಮೂವತ್ತರ ದಶಕದಲ್ಲಿ. ಆಗ ಧರ್ಮಪುರಿಯೂ ಸೇಲಂ ಜಿಲ್ಲೆಗೇ ಸೇರಿತ್ತು. ಆ ಕಡೆಯ ಒಂದು ಬೆಟ್ಟದ ಗುಡಿಗೆ ಮಳೆಗಾಲದಲ್ಲಿಯೂ ಮೋಟಾರು ಹತ್ತುವಂಥ ಸರ್ವಋತು ರಸ್ತೆ ಆಗತಕ್ಕದ್ದೆಂದು ಮೇಲಿನಿಂದ ಹುಕುಂ ಬಂತು. ನನ್ನ ಹುದ್ದೆ ಹಂಗಾಮಿಯಾಗಿತ್ತು. ರಸ್ತೆ ಸರ್ವಋತುವೆಂದು ದೊಡ್ಡ ಎಂಜಿನಿಯರರು ಬರೆದುಕೊಟ್ಟರೆ ಹುದ್ದೆ ಕಾಯಂ. ಬರೆದುಕೊಡದಿದ್ದರೆ ನಾನು ಸೇಲಂನ ನಮ್ಮ ಮನೆಯ ಮಗ್ಗದ ಗುಂಡಿಗೆ ಮರಳಿ ಇಳಿಯಬೇಕು. ಮಗ್ಗದ ಮೇಲೆ ನನಗೆ ಗೌರವವಿದೆ. ಆದರೆ ಅಲ್ಲಿ ನನ್ನ ಅಣ್ಣನೇ ಮೇಲಧಿಕಾರಿ.

೧. ಕಲ್ಲಿನ ಮನೆ

ರಸ್ತೆಗೆ ಹಾಸುವ ಜಲ್ಲಿಯನ್ನು ಕಂಟ್ರಾಕ್ಟರನಿಂದ ಅಳತೆಯ ಪ್ರಕಾರ ಗುಡ್ಡೆ ಮಾಡಿಸಿ, ಅಂಚಿನುದ್ದಕ್ಕೂ ಸಾಲಾಗಿ ಇಡಿಸಿದ್ದೆ. ದಿನ ಕಳೆದಂತೆ ಗುಡ್ಡೆಗಳು ಕುಗ್ಗತೊಡಗಿದವು. ಕಾರಣ ತಿಳಿಯಲು ತಡವಾಗಲಿಲ್ಲ. ಬೆಟ್ಟ ಹತ್ತುವಾಗ ದಾರಿಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟಿದರೆ ಊರಿನಲ್ಲಿ ಸ್ವಂತ ಮನೆ ಆಗುತ್ತದೆಂಬುದು ಜನರ ನಂಬಿಕೆ. ಮೊದಲು ಅವರು ಕಲ್ಲು ಹುಡುಕಿಕೊಳ್ಳಬೇಕಿತ್ತು. ಈಗ ಇಲಾಖೆಯೇ ಒಡೆಸಿ ಒದಗಿಸಿತ್ತು.

ಎಡಪ್ಪಾಡಿಯಿಂದ ಬಂದಿದ್ದ ನೇಕಾರರ ಅಜ್ಜಿಯೊಬ್ಬಳನ್ನು ಕೈಯಲ್ಲಿ ಕಲ್ಲಿರುವಾಗಲೇ ತಡೆದೆ.

"ಅಮ್ಮಾ, ಇದು ಸರ್ಕಾರದ ಕಲ್ಲು."

"ಅದ್ಕೇ ಸಾಮಿ ತಕ್ಕೊಂಡಿದ್ದು. ಕಾಡುಗಲ್ಲು ಜಾರ್ತೈತೆ. ಇದು ಎಲ್ಲಾ ಒಂದೇ ಅಳ್ತೆ. ಚೆಂದಾಗಿ ಕೂರ್ತೈತೆ."

ಆ ಹೊಗಳಿಕೆಯನ್ನು ನಾನು ಸ್ವೀಕರಿಸಲಿಲ್ಲ. ಕಾವಲಿಗೆ ಒಬ್ಬನನ್ನು ನೇಮಿಸಿದೆ. ಮರುದಿನ ಹೋಗಿ ನೋಡಿದರೆ ಯಾತ್ರಿಕರು ಕಟ್ಟಿದ ಮನೆ ಒಂದೂ ಇರಲಿಲ್ಲ. ಕಾವಲುಗಾರನ ಬೆನ್ನ ಹಿಂದೆ ಮಾತ್ರ ಒಂದಿತ್ತು. ಅದಕ್ಕೆ ಜಗಲಿ ಇತ್ತು, ಅಡುಗೆಮನೆ ಇತ್ತು, ಮೇಲೊಂದು ಮಹಡಿಯೂ ಇತ್ತು.

"ಏನಿದು?"

"ನಂಗೂ ಸ್ವಂತ ಮನೆ ಇಲ್ಲ ಸಾಮಿ."

"ಸರಿ. ಮಹಡಿ ಯಾಕೆ?"

"ಕಾವ್ಲು ನಂದೇ ಅಲ್ವಾ ಸಾಮಿ."

೨. ಹರಕೆಯವರ ದೂರು

ರಸ್ತೆ ಅರ್ಧ ಬೆಟ್ಟ ತಲುಪಿದಾಗ ತಾರಮಂಗಲಂ ಕಡೆಯ ಹಿರಿಯರೊಬ್ಬರು ಹತ್ತಾರು ಜನರನ್ನು ಕರೆದುಕೊಂಡು ದೂರು ಹೇಳಲು ಬಂದರು. ರಸ್ತೆ ಕೆಟ್ಟಿದೆಯೆಂಬ ದೂರನ್ನು ನಾನು ಕೇಳಿದ್ದೇನೆ. ಚೆನ್ನಾಗಿದೆಯೆಂಬ ದೂರು ಅದೇ ಮೊದಲು.

"ನಾವು ಬರಿಗಾಲಲ್ಲಿ ಹತ್ತೋ ಹರಕೆ ಹೊತ್ತೋರು ಸಾಮಿ. ನೀವು ಇಷ್ಟು ನುಣ್ಣಗೆ ಮಾಡಿದ್ರೆ ಕಾಲು ನೋಯೋದೇ ಇಲ್ಲ. ನೋವಿಲ್ದೆ ಹತ್ತಿದ್ರೆ ದೇವ್ರು ಒಪ್ತಾನಾ?"

"ಹಳೆಯ ಮೆಟ್ಟಿಲುಗಳಲ್ಲಿ ಹತ್ತಿರಿ."

"ಮೆಟ್ಲು ನಿಮ್ಮ ರೋಡಿನ ಅಡೀಗೆ ಓಯ್ತಲ್ಲ."

ಅದು ನಿಜ. ಒಂದು ಅಂಚನ್ನಾದರೂ ಒರಟಾಗಿ ಬಿಡಬೇಕೆಂದು ಅವರು ಬೇಡಿದರು. ಬೇಕೆಂದೇ ದೋಷ ಉಳಿಸಲು ನಿಯಮದಲ್ಲಿ ಅವಕಾಶವಿಲ್ಲವೆಂದು ನಾನು ಖಂಡಿತವಾಗಿ ಹೇಳಿದೆ. ಅವರು ಬೇಸರದಿಂದ ಹತ್ತಿಕೊಂಡು ಹೋದರು. ಸಂಜೆ ಇಳಿದು ಬಂದಾಗ ಹಿರಿಯರು ಕುಂಟುತ್ತಿದ್ದರು; ಮುಖದಲ್ಲಿ ಮಾತ್ರ ತೃಪ್ತಿ ಇತ್ತು.

"ಎರಡನೇ ತಿರುವಿನ ಆಚೆ ಬಲು ಚೆಂದಾಗೈತೆ ಸಾಮಿ. ಎಲ್ಲಾ ಚೂಪುಗಲ್ಲು. ಆ ಕಂಟ್ರಾಕ್ಟರು ಪುಣ್ಯಾತ್ಮ. ನಾವು ಕೇಳೋಕೆ ಮುಂಚೇನೇ ಮಾಡಿಟ್ಟವ್ನೆ."

೩. ಬದಲಿ ರೋಲರು

ಪುಣ್ಯಾತ್ಮನ ಆ ತುಂಡನ್ನು ಬುಡದಿಂದ ಕೀಳಿಸಿ ಮತ್ತೆ ಮಾಡಿಸಬೇಕಾಯಿತು. ಅಡಿಯ ಮಣ್ಣು ಗಟ್ಟಿಯಾಗಲು ರೋಲರು ಬೇಕು. ಸೇಲಂನಿಂದ ಹೊರಟಿದ್ದ ಉಗಿ ರೋಲರು ದಾರಿಯಲ್ಲಿ ಕೆಟ್ಟು ನಿಂತಿತ್ತು. ಕಂಟ್ರಾಕ್ಟರು ಮೇಚೇರಿ ಸಂತೆಗೆ ಹೋಗಿ ಒಂದು ಕುರಿಮಂದೆಯನ್ನು ಗೊತ್ತುಮಾಡಿಕೊಂಡು ಬಂದ. ಕೆರೆ ಏರಿ ಕಟ್ಟುವಾಗ ಮಣ್ಣನ್ನು ಕುರಿಗಳಿಂದ ತುಳಿಸುವುದುಂಟು. ನೀರು ಚಿಮುಕಿಸಿ ಮೇಲೆ ಕೆಳಗೆ ಓಡಿಸಿದರು. ಮಣ್ಣು ಕಲ್ಲಿನಂತಾಯಿತು. ನಾನು ಆಕ್ಷೇಪಿಸಲಿಲ್ಲ.

ರೋಲರು ತಲುಪಿತೇ ಎಂದು ಮೇಲಿನ ಕಚೇರಿ ವಿಚಾರಿಸಿತು. ನಾನು ಸುಳ್ಳು ಹೇಳುವವನಲ್ಲ. ರೋಲರು ಬಂದಿಲ್ಲ, ಬದಲಿ ಏರ್ಪಾಡಿನಿಂದ ಕೆಲಸ ಸಾಗಿದೆಯೆಂದು ಉತ್ತರಿಸಿದೆ. ಕೂಡಲೇ ಮರುಪ್ರಶ್ನೆ ಬಂತು: ಬದಲಿ ರೋಲರಿಗೆ ಕಲ್ಲಿದ್ದಲು ಎಷ್ಟು ಕಳುಹಿಸಬೇಕು?

ಪ್ರಶ್ನೆಯನ್ನು ಸಂಬಂಧಪಟ್ಟವನಿಗೆ ಒಪ್ಪಿಸುವುದು ಪದ್ಧತಿ. ಕುರಿ ಕಾಯುವವನನ್ನು ಕರೆದು ಓದಿ ಹೇಳಿದೆ. ಅವನು ತಲೆ ಕೆರೆದುಕೊಂಡ.

"ಕಲ್ಲಿದ್ದಲು ಮೂಸೋದೂ ಇಲ್ಲ ಸಾಮಿ. ಜಾಲಿಕಾಯಿ ಇದ್ರೆ ಕಳ್ಸಕ್ಕೇಳಿ."

೪. ಎರಡು ಸಂಕಲ್ಪ

ರಸ್ತೆ ಮುಗಿಯಿತು. ದೊಡ್ಡ ಎಂಜಿನಿಯರರು ಬಂದರು. ಬಿಳಿಯ ದೊರೆ, ಮಾತು ಕಡಿಮೆ. ಮೋಟಾರಿನಲ್ಲಿ ಮೇಲೆ ಹೋಗಿ, ಕೆಳಗೆ ಬಂದು, ಬೆತ್ತದಿಂದ ರಸ್ತೆಯನ್ನು ಕುಟ್ಟಿ ನೋಡಿದರು.

"ಚೆನ್ನಾಗಿದೆ. ಆದರೆ ನಾನು ನೋಡಿದ್ದು ಬಿಸಿಲಿನ ರಸ್ತೆಯನ್ನು. ಮಳೆಯ ರಸ್ತೆಯನ್ನು ನೋಡದೆ ಸರ್ವಋತುವೆಂದು ಹೇಗೆ ಬರೆಯಲಿ? ಮಳೆ ಬರುವಾಗ ತಿಳಿಸಿ."

ಆ ವರ್ಷ ಹಿಂಗಾರು ಮಳೆ ಮುಖ ತೋರಿಸಲಿಲ್ಲ. ನನ್ನ ಹುದ್ದೆ ಮೋಡಕ್ಕೆ ತಗುಲಿಕೊಂಡು ನೇತಾಡುತ್ತಿತ್ತು. ಹೆಂಡತಿ ಒತ್ತಾಯ ಮಾಡಿದ್ದರಿಂದ ತೆಂಗಿನಕಾಯಿ ಹಿಡಿದು ಬೆಟ್ಟದ ಗುಡಿಗೆ ಹೋದೆ.

"ವಾಂಗೋ, ಬನ್ನಿ ಓವರ್‌ಸಿಯರ್. ಏನು ಸಂಕಲ್ಪ?" ಅರ್ಚಕರು ಕೇಳಿದರು.

"ಮಳೆ ಬರಬೇಕು."

ಅವರು ತಟ್ಟೆಯನ್ನು ಕೆಳಗಿಟ್ಟರು. "ಈಗ ತಾನೇ ಕಂಟ್ರಾಕ್ಟರು ಬಂದು ಹೋದ್ರು. ಅವರ ಸಂಕಲ್ಪ ಮಳೆ ಬರಬಾರದು ಅಂತ."

"ಹಾಗಾದರೆ?"

"ಅವರು ಮಾಡಿಸಿದ್ದು ಸಹಸ್ರನಾಮ. ನೀವು ಬರೀ ಅಷ್ಟೋತ್ತರಕ್ಕೆ ಬಂದಿದ್ದೀರಿ. ಯೋಚ್ನೆ ಮಾಡಿ."

ಯೋಚಿಸಿದೆ. ನಾನೂ ಸಹಸ್ರನಾಮ ಮಾಡಿಸಿದೆ. ಮಂಗಳಾರತಿ ಕೊಡುತ್ತ ಅರ್ಚಕರು ಸಮಾಧಾನದಿಂದ ಹೇಳಿದರು:

"ಈಗ ಸರಿಸಮ. ಇನ್ನು ದೇವರಿಗೇ ಬಿಟ್ಟಿದ್ದು."

೫. ದೊರೆಯ ಬರಹ

ಕಡೆಗೂ ಮೋಡ ಕವಿಯಿತು. ಹೇಳಿ ಕಳುಹಿಸಿದೆ. ದೊರೆ ಮಳೆಯಂಗಿ ತೊಟ್ಟು ಬಂದರು. ಮೋಟಾರು ಗುಡಿಯ ಮುಂದೆ ನಿಂತದ್ದೇ ತಡ, ಮಳೆ ಹಿಡಿಯಿತು. ಅಂಥ ಮಳೆಯನ್ನು ಆ ಬೆಟ್ಟ ಕಂಡಿದ್ದಿಲ್ಲವೆಂದು ಅರ್ಚಕರು ಹೆಮ್ಮೆಯಿಂದ ಹೇಳಿದರು.

ಮಳೆ ನಿಂತ ಮೇಲೆ ದೊರೆ, ನಾನು, ಕಂಟ್ರಾಕ್ಟರು ಮೂವರೂ ತಿರುವು ತಿರುವಿಗೂ ಇಳಿದು ನೋಡುತ್ತ ಬಂದೆವು. ಒಂದು ಕಲ್ಲು ಕದಲಿರಲಿಲ್ಲ. ನೀರೆಲ್ಲ ಚರಂಡಿ ಹಿಡಿದು ಶಿಸ್ತಾಗಿ ಹೋಗುತ್ತಿತ್ತು. ಕಂಟ್ರಾಕ್ಟರು ನನ್ನ ಕಿವಿಯಲ್ಲಿ, "ಇದು ನಾನೇ ಮಾಡಿದ್ದಾ ಸಾಮಿ?" ಎಂದು ಕೇಳಿದ. ದೊರೆ ಜೇಬಿನಿಂದ ಪೆನ್ನು ತೆಗೆದರು. ನನ್ನ ಹುದ್ದೆ ಕಾಯಂ ಆಗಲು ಒಂದು ರುಜು ಬಾಕಿ. ಅಷ್ಟರಲ್ಲಿ ಮೋಟಾರು ಕೊನೆಯ ತಿರುವು ದಾಟಿ ನಿಂತುಬಿಟ್ಟಿತು.

ಬೆಟ್ಟದ ಬುಡಕ್ಕೂ ಧರ್ಮಪುರಿಯ ಹೆದ್ದಾರಿಗೂ ನಡುವೆ ಒಂದು ಹಳ್ಳವಿದೆ. ಬರುವಾಗ ಅದರಲ್ಲಿ ಬರೀ ಮರಳಿತ್ತು, ಮೋಟಾರು ದಾಟಿತ್ತು. ಈಗ ದಡದಿಂದ ದಡಕ್ಕೆ ಕೆಂಪು ನೀರು.

ದೊರೆ ಪೆನ್ನನ್ನು ಜೇಬಿಗೆ ಹಾಕಿಕೊಂಡರು.

"ಸೇತುವೆ ಎಲ್ಲಿ?"

"ಸೇತುವೆ ನಮ್ಮ ಕಚೇರಿಗೆ ಸೇರಿದ್ದಲ್ಲ ದೊರೆಗಳೇ. ನಮ್ಮ ರಸ್ತೆ ಈ ದಡದಿಂದ ಆರಂಭ."

"ಮತ್ತೆ ಯಾರಿಗೆ ಸೇರಿದ್ದು?"

"ಇನ್ನೊಂದು ಕಚೇರಿಗೆ."

"ಆ ಕಚೇರಿ ಎಲ್ಲಿದೆ?"

"ಆಚೆ ದಡದಲ್ಲಿ."

ನೀರು ಇಳಿಯುವವರೆಗೆ ದೊರೆ ಗುಡಿಯ ಛತ್ರದಲ್ಲಿ ಬಿಡಾರ ಮಾಡಿದರು. ಬೆಳಗ್ಗೆ ಪೊಂಗಲ್, ಮಧ್ಯಾಹ್ನ ಪುಳಿಯೋಗರೆ. ಬೇರೆ ಕೆಲಸವಿಲ್ಲದ್ದರಿಂದ ಹೊತ್ತು ಹೊತ್ತಿಗೂ ಮೋಟಾರಿನಲ್ಲಿ ಇಳಿದು ಹಳ್ಳವನ್ನು ನೋಡುವರು, ಮತ್ತೆ ಮೇಲೆ ಬರುವರು. ಮಳೆಯಲ್ಲಿ ಓಡಾಡಿದರು, ಮಂಜಿನಲ್ಲಿ ಓಡಾಡಿದರು, ಬಿಸಿಲಿನಲ್ಲಿ ಓಡಾಡಿದರು. ಯಾವ ರಸ್ತೆಯನ್ನೂ ಯಾವ ಅಧಿಕಾರಿಯೂ ಅಷ್ಟು ಪರೀಕ್ಷೆ ಮಾಡಿರಲಾರ. ರಸ್ತೆ ದಣಿಯಲಿಲ್ಲ. ಪ್ರತಿ ಸಲ ಅವರು ಇಳಿದಾಗಲೂ ನಾನು ಅವರ ಜೇಬನ್ನು ನೋಡುತ್ತಿದ್ದೆ. ಪೆನ್ನು ಹೊರಗೆ ಬರಲಿಲ್ಲ.

ಹಳ್ಳ ಇಳಿದ ದಿನ, ಮರಳಿಗೆ ಇಳಿಯುವ ಮುನ್ನ ಅವರು ಮೋಟಾರು ನಿಲ್ಲಿಸಿದರು. ನಗದೆ ಬರೆದರು, ನಗದೆ ರುಜು ಹಾಕಿದರು, ನನ್ನ ಕೈಗೆ ಕೊಟ್ಟು ಹೋದರು. ಅದರ ಬಲದಿಂದಲೇ ನನ್ನ ಹುದ್ದೆ ಕಾಯಂ ಆಯಿತು. ಕಚೇರಿಯಲ್ಲಿ ಯಾರೂ ಅದನ್ನು ಪೂರ್ತಿ ಓದಿರಲಿಲ್ಲವೆಂದು ಕಾಣುತ್ತದೆ. ಅದರಲ್ಲಿ ಇದ್ದದ್ದು ಇಷ್ಟು:

"ಈ ರಸ್ತೆ ಎಲ್ಲ ಋತುಗಳಲ್ಲಿಯೂ ಸಂಚಾರಕ್ಕೆ ಯೋಗ್ಯವಾಗಿದೆ, ಈಗಾಗಲೇ ಅದರ ಮೇಲೆ ಇರುವವರಿಗೆ."